ಜಂಬೋ ವಿಮಾನದ ಪುಟ ತಿದ್ದುವವರಿಗೆ

ಕನ್ನಡ ವಿಕಿಪೀಡಿಯದಲ್ಲಿ ಬೋಯಿಂಗ್ 747 ವಿಮಾನದ ಲೇಖನವನ್ನು ಓದಲು ಯೋಗ್ಯವಾಗಿಸೋಣ, ಆಸಕ್ತರು ಕೈಜೋಡಿಸಿ ಎಂದು ಈ ಅಂಕಣದಲ್ಲಿ ಕೇಳಿಕೊಂಡಿದ್ದೆ. ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಒಮ್ಮೆಯೂ ವಿಮಾನ ಹತ್ತದವರು ಬರೆದಿದ್ದಾರೆ. ವಿಮಾನದ ರೆಕ್ಕೆಯ ಕೆಳಗೆ ನಿಂತು ಬೋಲ್ಟು ಬಿಗಿದವರೂ ಬರೆದಿದ್ದಾರೆ. ಈ ಕೆಲಸಕ್ಕೆ ಇಬ್ಬರೂ ಬೇಕು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದ ನನಗೆ ಈ ವಿಮಾನದ ಮೇಲೆ ಹಳೆಯ ಮೋಹವಿದೆ. ಹಾಗಾಗಿ ಉತ್ತರಗಳು ಅಲ್ಲಲ್ಲಿ ಉದ್ದವಾಗಿವೆ.

• ನಾನು ಬಿ.ಎಸ್ಸಿ. ವಿದ್ಯಾರ್ಥಿನಿ. ಲೇಖನ ತೆರೆದರೆ ಪುಟಗಟ್ಟಲೆ ಇದೆ, ಆದರೆ ಎಷ್ಟೋ ವಾಕ್ಯಗಳು ಓದಿದರೂ ಅರ್ಥವಾಗುವುದಿಲ್ಲ. ಎಲ್ಲವನ್ನೂ ಅಳಿಸಿ ಹೊಸದಾಗಿ ಬರೆಯಬಹುದೇ?
— ಓದುಗಿ, ಶಿರಸಿ

ಎಲ್ಲವನ್ನೂ ಅಳಿಸಬೇಡಮ್ಮ. 2009–2011ರ ಸುಮಾರಿನಲ್ಲಿ ಯಂತ್ರದ ನೆರವಿನಿಂದ ಇಂಗ್ಲಿಷಿನಿಂದ ತಂದ ದೊಡ್ಡ ದೊಡ್ಡ ಲೇಖನಗಳು ಹಲವು ಭಾರತೀಯ ಭಾಷೆಗಳ ವಿಕಿಪೀಡಿಯಗಳಿಗೆ ಸೇರಿದವು. ಕನ್ನಡಕ್ಕೂ ಬಂದವು. ಅವುಗಳ ವಾಕ್ಯ ಕೆಟ್ಟಿದ್ದರೂ ಅಡಿಯಲ್ಲಿರುವ ಉಲ್ಲೇಖಗಳು ಬಹಳ ಸಲ ಒಳ್ಳೆಯವೇ ಆಗಿರುತ್ತವೆ. ಪುಟ ಬರಿದು ಮಾಡಿದರೆ ಅವೂ ಹೋಗುತ್ತವೆ. ಒಂದು ಸಲಕ್ಕೆ ಒಂದು ಪರಿಚ್ಛೇದ ತೆಗೆದುಕೋ. ನಿನ್ನ ಪ್ರಯೋಗಪುಟದಲ್ಲಿ (ಬರೆದು ನೋಡಲೆಂದೇ ಇರುವ ನಿನ್ನದೇ ಪುಟ) ಬರೆದು, ಓದಿ, ಆಮೇಲೆ ಲೇಖನಕ್ಕೆ ಸೇರಿಸು. ‘ಇತಿಹಾಸ’ ಎಂಬ ಕೊಂಡಿಯಲ್ಲಿ ಹಿಂದಿನ ಪ್ರತಿಯೊಂದು ಆವೃತ್ತಿಯೂ ಉಳಿದಿರುತ್ತದೆ, ಆದ್ದರಿಂದ ಹೆದರುವುದು ಬೇಡ.

ಮೊದಲು ಕಾಲ ಕೆಟ್ಟ ವಾಕ್ಯಗಳನ್ನು ಹುಡುಕು. ‘ಸದ್ಯ’, ‘ಇತ್ತೀಚೆಗೆ’, ‘ಶೀಘ್ರದಲ್ಲೇ’, ‘ನಿರೀಕ್ಷಿಸಲಾಗಿದೆ’ ಎಂಬ ಪದಗಳು ಎಲ್ಲಿವೆಯೋ ಅಲ್ಲಿ ಕೆಲಸವಿದೆ. 747-8 ಮಾದರಿ ಇನ್ನು ಹಾರಬೇಕಿದೆ ಎಂದು ಒಂದು ವಾಕ್ಯ ಹೇಳುತ್ತಿದ್ದರೆ ಅದನ್ನು ನಡೆದ ಸಂಗತಿಗೆ ತರಬೇಕು: ಅದರ ಸರಕು ವಿಮಾನ 2010ರ ಫೆಬ್ರವರಿ 8ರಂದು ಮೊದಲು ಹಾರಿತು, ಪ್ರಯಾಣಿಕರ ವಿಮಾನ 2012ರಲ್ಲಿ ಲುಫ್ತಾನ್ಸಾ ಸಂಸ್ಥೆಯಲ್ಲಿ ಸೇವೆಗೆ ಬಂತು, 1,574ನೆಯದೂ ಕೊನೆಯದೂ ಆದ 747, 2023ರ ಜನವರಿ 31ರಂದು ಅಟ್ಲಾಸ್ ಏರ್ ಸಂಸ್ಥೆಯ ಕೈ ಸೇರಿತು. ಇಷ್ಟು ಬರೆದರೆ ಇನ್ನು ಹತ್ತು ವರ್ಷ ಯಾರೂ ಆ ಸಾಲನ್ನು ಮುಟ್ಟಬೇಕಾಗಿಲ್ಲ. ಏರ್ ಇಂಡಿಯಾ 747 ಬಳಸುತ್ತಿದೆ ಎಂಬ ವಾಕ್ಯ ಕಂಡರೆ ಅದನ್ನೂ ತಿದ್ದು. ಅವರ ಮೊದಲ 747 ಬಂದದ್ದು 1971ರಲ್ಲಿ, ಉಳಿದಿದ್ದ ಕೊನೆಯದು ಮುಂಬೈಯಿಂದ ಹಾರಿಹೋದದ್ದು 2024ರ ಏಪ್ರಿಲ್‌ನಲ್ಲಿ.

ಆಮೇಲೆ ಅರ್ಥವಾಗದ ವಾಕ್ಯಗಳ ಕಡೆ ಬಾ. ಅವುಗಳ ಪದಗಳನ್ನು ಹಿಂದೆ ಮುಂದೆ ಮಾಡಿ ಪ್ರಯೋಜನವಿಲ್ಲ. ಮೂಲವನ್ನು ಓದಿ, ಮುಚ್ಚಿಟ್ಟು, ಪಕ್ಕದಲ್ಲಿರುವ ಯಾರಿಗಾದರೂ ವಿಷಯವನ್ನು ಹೇಳು. ನಿನ್ನ ಬಾಯಿಂದ ಏನು ಬಂತೋ ಅದನ್ನು ಬರೆ. ಈ ವಿಮಾನದ ಮುಂಭಾಗದ ಗೂನನ್ನೇ ನೋಡು. ಅದು ಏಕೆ ಬಂತು ಎಂಬುದನ್ನು ನಾನು ಬರೆದರೆ ಹೀಗೆ ಬರೆಯುತ್ತೇನೆ:

“1960ರ ದಶಕದಲ್ಲಿ ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನಗಳು ಬಂದು ಪ್ರಯಾಣಿಕರನ್ನೆಲ್ಲ ಸೆಳೆದುಕೊಳ್ಳುತ್ತವೆ ಎಂದು ವಿನ್ಯಾಸಕರು ಭಾವಿಸಿದ್ದರು. ಹಾಗಾದಾಗ 747 ಸರಕು ಸಾಗಿಸಿ ಬದುಕಬೇಕು. ಸರಕನ್ನು ಮುಂದಿನಿಂದ ನೇರವಾಗಿ ತುಂಬಲು ಮೂಗು ಮೇಲಕ್ಕೆ ತೆರೆಯುವಂತಿರಬೇಕು. ಮೂಗು ತೆರೆಯಬೇಕಾದರೆ ಪೈಲಟ್‌ಗಳ ಕೋಣೆ ಅಲ್ಲಿರಬಾರದು. ಆದ್ದರಿಂದ ಕಾಕ್‌ಪಿಟ್ಟನ್ನು ಮುಖ್ಯ ಅಂತಸ್ತಿನ ಮೇಲಕ್ಕೆ ಏರಿಸಿದರು. ಅದರ ಹಿಂದೆ ಗಾಳಿ ಸರಾಗವಾಗಿ ಜಾರಲು ಒಡಲನ್ನು ಇಳಿಜಾರಾಗಿ ಎಳೆದಾಗ ಮೇಲಂತಸ್ತು ಹುಟ್ಟಿತು.”

ಇಲ್ಲಿ ಒಂದು ಕಾರಣದಿಂದ ಇನ್ನೊಂದು ಹುಟ್ಟುತ್ತದೆ. ಹತ್ತನೆಯ ತರಗತಿಯ ಹುಡುಗ ಓದಿದರೂ ಗೂನು ಏಕಿದೆ ಎಂದು ಇನ್ನೊಬ್ಬನಿಗೆ ಹೇಳಬಲ್ಲ. ನಮ್ಮ ಲೇಖನ ಅಷ್ಟು ಸಾಧಿಸಬೇಕು. ಕೊನೆಯಲ್ಲಿ ಉಲ್ಲೇಖ ಹಾಕುವುದನ್ನು ಮರೆಯಬೇಡ.

• ಈ ವಿಮಾನದ ಗರಿಷ್ಠ ತೂಕ ಒಂದು ಕಡೆ 333 ಟನ್ ಎಂದಿದೆ, ಇನ್ನೊಂದು ಕಡೆ 397, ಮತ್ತೊಂದು ಕಡೆ 413. ಎಲ್ಲವೂ ದೊಡ್ಡ ದೊಡ್ಡ ಮೂಲಗಳೇ. ಯಾವುದನ್ನು ಹಾಕಲಿ?
— ಓದುಗರು, ಹುಬ್ಬಳ್ಳಿ

ಮೂರೂ ಸರಿ. 747 ಎಂಬುದು ಒಂದೇ ವಿಮಾನವಲ್ಲ, ಅರ್ಧ ಶತಮಾನ ಬೆಳೆದ ಒಂದು ವಂಶ. ಮೊದಲ 747-100 ಮೇಲೇರುವಾಗ 7,35,000 ಪೌಂಡ್ ತೂಗಬಹುದಿತ್ತು, ಅಂದರೆ ಸುಮಾರು 333 ಟನ್. 1989ರಲ್ಲಿ ಸೇವೆಗೆ ಬಂದ 747-400ರ ಮಿತಿ 8,75,000 ಪೌಂಡ್, ಸುಮಾರು 397 ಟನ್. ಅದರದೇ ದೂರಗಾಮಿ ರೂಪ 747-400ಇಆರ್ ಸುಮಾರು 413 ಟನ್. 747-8ಕ್ಕೆ ಬಂದರೆ ಸುಮಾರು 448 ಟನ್. ಲೇಖನದ ಪಕ್ಕದ ಮಾಹಿತಿಚೌಕದಲ್ಲಿ ಒಂದೇ ಸಂಖ್ಯೆ ತುರುಕದೆ, ಕೆಳಗೆ ಕೋಷ್ಟಕ ಮಾಡಿ ಮಾದರಿಯ ಹೆಸರಿನ ಎದುರು ತೂಕ ಬರೆಯಿರಿ.

ಸಂಖ್ಯೆಗಳಿಗೆ ಪ್ರವಾಸ ಪತ್ರಿಕೆಗಳನ್ನು ನಂಬಬೇಡಿ. ವಿಮಾನ ನಿಲ್ದಾಣ ಕಟ್ಟುವವರಿಗಾಗಿ ಬೋಯಿಂಗ್ ಪ್ರತಿ ಮಾದರಿಗೂ ಒಂದು ತಾಂತ್ರಿಕ ಕೈಪಿಡಿಯನ್ನು ಸಾರ್ವಜನಿಕವಾಗಿ ಇಟ್ಟಿದೆ. ಉದ್ದ, ರೆಕ್ಕೆಯ ಹರವು, ಚಕ್ರಗಳ ಅಂತರ, ತೂಕ ಎಲ್ಲವೂ ಅದರಲ್ಲಿವೆ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯ ಪ್ರಮಾಣಪತ್ರದ ವಿವರಪಟ್ಟಿಯೂ ಸಿಗುತ್ತದೆ. 747ರದ್ದರ ಸಂಖ್ಯೆ ಎ20ಡಬ್ಲ್ಯುಇ. ಈ ಎರಡು ದಾಖಲೆಗಳು ಕೈಯಲ್ಲಿದ್ದರೆ ಸಂಖ್ಯೆಗಳ ಜಗಳ ಮುಕ್ಕಾಲು ಪಾಲು ಮುಗಿದಂತೆ.

‘ಅತಿ ದೊಡ್ಡ’ ಎಂಬ ಮಾತನ್ನೂ ಬಿಡಿಬಿಡಿಯಾಗಿ ನೋಡಬೇಕು. 1970ರ ಜನವರಿಯಲ್ಲಿ ಪ್ಯಾನ್ ಆಮ್ ಸಂಸ್ಥೆ ನ್ಯೂಯಾರ್ಕ್–ಲಂಡನ್ ಮಾರ್ಗದಲ್ಲಿ 747ನ್ನು ಹಾರಿಸಿದಂದಿನಿಂದ 2007ರ ಅಕ್ಟೋಬರ್‌ನಲ್ಲಿ ಏರ್‌ಬಸ್ ಎ380 ಸೇವೆಗೆ ಬರುವವರೆಗೆ ಇದೇ ಅತಿ ದೊಡ್ಡ ಪ್ರಯಾಣಿಕ ವಿಮಾನ. ಆಮೇಲೆ ಆ ಪಟ್ಟ ಎ380ಯದು. ಆದರೂ ಉದ್ದ ಅಳೆದರೆ 76.3 ಮೀಟರಿನ 747-8, 72.7 ಮೀಟರಿನ ಎ380ಗಿಂತ ಉದ್ದ. ಯಾವ ಅಳತೆಯಲ್ಲಿ, ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂದು ಹೇಳಿದರೆ ಮಾತ್ರ ಆ ಪದ ಪುಟದಲ್ಲಿರಲಿ.

ಎಷ್ಟು ಹುಡುಕಿದರೂ ಒಂದಾಗದ ಸಂಖ್ಯೆಗಳೂ ಇವೆ. 1991ರ ಮೇ ತಿಂಗಳಿನಲ್ಲಿ ಇಥಿಯೋಪಿಯದ ಯಹೂದಿಗಳನ್ನು ಇಸ್ರೇಲಿಗೆ ಕರೆತಂದ ಕಾರ್ಯಾಚರಣೆಯಲ್ಲಿ ಎಲ್ ಆಲ್ ಸಂಸ್ಥೆಯ ಒಂದೇ 747 ಸಾವಿರಕ್ಕೂ ಹೆಚ್ಚು ಜನರನ್ನು ಹೊತ್ತು ಹಾರಿತು. 1,086 ಎನ್ನುವ ವರದಿ ಇದೆ, ದಾರಿಯಲ್ಲಿ ಹುಟ್ಟಿದ ಎರಡು ಶಿಶುಗಳನ್ನು ಸೇರಿಸಿ 1,088 ಎನ್ನುವುದೂ ಇದೆ, ಇನ್ನೂ ಹೆಚ್ಚು ಹೇಳುವವರೂ ಇದ್ದಾರೆ. ಇಂಥಲ್ಲಿ ನಾವು ನ್ಯಾಯಾಧೀಶರಾಗಬಾರದು. ಯಾರು ಎಷ್ಟು ಹೇಳಿದ್ದಾರೆ ಎಂದು ಅವರವರ ಹೆಸರಿನಲ್ಲೇ ಬರೆಯಬೇಕು.

• ಮುಂಬೈಯ ಸಾಂತಾಕ್ರೂಜ್ ಹ್ಯಾಂಗರಿನಲ್ಲಿ ಬಹಳ ವರ್ಷ 747ಗಳ ನಿರ್ವಹಣೆ ಮಾಡಿದವನು ನಾನು. ನಾಲ್ಕು ಎಂಜಿನ್‌ಗಳ ಈ ವಿಮಾನ ಐದನೆಯ ಎಂಜಿನ್ನೊಂದನ್ನು ರೆಕ್ಕೆಯಡಿ ಕಟ್ಟಿಕೊಂಡು ಹಾರಬಲ್ಲದು ಎಂದು ಲೇಖನಕ್ಕೆ ಸೇರಿಸಿದೆ. ‘ಆಧಾರವಿಲ್ಲ’ ಎಂದು ಯಾರೋ ತೆಗೆದುಹಾಕಿದರು. ನನ್ನ ಕೈಯಾರೆ ಕಟ್ಟಿದ ಎಂಜಿನ್ನಿಗೆ ಇನ್ನೇನು ಆಧಾರ ಬೇಕು? ಮನಸ್ಸಿಗೆ ನೋವಾಗಿದೆ.
— ನಿವೃತ್ತ ವಿಮಾನ ತಂತ್ರಜ್ಞರು, ಮೈಸೂರು

ಹಿರಿಯರೇ, ಈ ಕಂತೆಯಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದಿಟ್ಟ ಪತ್ರ ನಿಮ್ಮದು. ನೀವು ಬರೆದದ್ದು ನಿಜ. ಎಡ ರೆಕ್ಕೆಯಲ್ಲಿ ಒಳಗಿನ ಎಂಜಿನ್ನಿಗೂ ಒಡಲಿಗೂ ನಡುವೆ, ಕೆಲಸ ಮಾಡದ ಎಂಜಿನ್ನೊಂದನ್ನು ತೂಗುಹಾಕಿ ಸಾಗಿಸುವ ವ್ಯವಸ್ಥೆ 747ರಲ್ಲಿತ್ತು. ದೂರದ ಊರಿನಲ್ಲಿ ಎಂಜಿನ್ ಕೆಟ್ಟರೆ ಅದನ್ನು ಮನೆಗೆ ತರಲು, ಅಥವಾ ಹೊಸದನ್ನು ಅಲ್ಲಿಗೆ ಒಯ್ಯಲು ಅದು ಬಳಕೆಯಾಗುತ್ತಿತ್ತು. ನಿಮ್ಮ ಕೈ ಸುಳ್ಳು ಹೇಳುತ್ತಿಲ್ಲ. ತೆಗೆದುಹಾಕಿದ ಸಂಪಾದಕರು ಇನ್ನೆರಡು ಸಾಲು ಬರೆದು ನಿಮ್ಮನ್ನು ಕೇಳಬಹುದಿತ್ತು ಎಂದೇ ನನ್ನ ಅಭಿಪ್ರಾಯ. ಅನುಭವಸ್ಥರೊಬ್ಬರು ಬಾಗಿಲಿಗೆ ಬಂದಾಗ ಒಂದೇ ಪದದಲ್ಲಿ ಕಳಿಸಬಾರದು.

ಆದರೂ ನಿಯಮದ ಪರವಾಗಿ ನಿಮ್ಮ ಮುಂದೆ ವಾದಿಸುತ್ತೇನೆ. ಲೇಖನ ಓದುವವರಿಗೆ ನೀವು ಕಾಣುವುದಿಲ್ಲ. ಅವರಿಗೆ ಕಾಣುವುದು ಒಂದು ಬಳಕೆದಾರ ಹೆಸರು. ಅದರ ಹಿಂದೆ ಹ್ಯಾಂಗರಿನಲ್ಲಿ ಬೆವರು ಸುರಿಸಿದವರಿದ್ದಾರೋ, ವಿಮಾನದ ಆಟವಾಡಿ ಬಂದ ಹುಡುಗನಿದ್ದಾನೋ ಅವರಿಗೆ ತಿಳಿಯುವ ದಾರಿಯಿಲ್ಲ. ನಾಳೆ ಇನ್ನೊಬ್ಬರು ನಿಮ್ಮಷ್ಟೇ ದೃಢವಾಗಿ ‘ಆರನೆಯ ಎಂಜಿನ್ನೂ ಕಟ್ಟಬಹುದು’ ಎಂದು ಬರೆದರೆ, ಎರಡರಲ್ಲಿ ಯಾವುದು ನಿಜ ಎಂದು ಓದುಗ ತಾನೇ ಪರೀಕ್ಷಿಸಬೇಕಲ್ಲ? ಅದಕ್ಕಾಗಿ ಅಚ್ಚಾದ, ಯಾರು ಬೇಕಾದರೂ ಹುಡುಕಿ ನೋಡಬಹುದಾದ ಮೂಲ ಬೇಕು. ಲೆಕ್ಕಪತ್ರದಲ್ಲಿ ಖರ್ಚು ಎಷ್ಟೇ ಪ್ರಾಮಾಣಿಕವಾಗಿದ್ದರೂ ರಸೀದಿ ಲಗತ್ತಿಸುತ್ತೇವಲ್ಲ, ಹಾಗೆ. ಇನ್ನೊಂದು ಮಾತು: ನಿಮ್ಮ ಹ್ಯಾಂಗರಿನ 747-200ಗಳಿಗೆ ಪ್ರಾಟ್ ಅಂಡ್ ವಿಟ್ನಿಯ ಜೆಟಿ9ಡಿ ಎಂಜಿನ್‌ಗಳಿದ್ದವು. ಬೇರೆ ಸಂಸ್ಥೆಗಳು ಜನರಲ್ ಎಲೆಕ್ಟ್ರಿಕ್ಕಿನವನ್ನೂ ರೋಲ್ಸ್ ರಾಯ್ಸ್‌ನವನ್ನೂ ಹಾಕಿಸಿಕೊಂಡಿದ್ದವು. ಒಂದು ಹ್ಯಾಂಗರಿನಲ್ಲಿ ನಿತ್ಯ ಕಂಡದ್ದು ಎಲ್ಲ 747ಗಳಿಗೂ ಹೊಂದುತ್ತದೆ ಎನ್ನಲಾಗದು. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಈಗ ಆಧಾರಕ್ಕೆ ಬರೋಣ. 1985ರ ಜೂನ್ 23ರಂದು ಐರ್ಲೆಂಡಿನ ಬಳಿ ಆಕಾಶದಲ್ಲೇ ನಾಶವಾದ ಏರ್ ಇಂಡಿಯಾದ ‘ಕನಿಷ್ಕ’ ವಿಮಾನವನ್ನು ನೆನೆಯಿರಿ. ಅದು ಅಂದು ಕೆಟ್ಟ ಎಂಜಿನ್ನೊಂದನ್ನು ಇದೇ ಐದನೆಯ ಸ್ಥಾನದಲ್ಲಿ ಹೊತ್ತಿತ್ತು. ಅದನ್ನು ಕಟ್ಟಿ, ಬಿಡಿಭಾಗಗಳನ್ನು ಹೇರುವಷ್ಟರಲ್ಲಿ ಟೊರೊಂಟೊದಿಂದ ಹೊರಡುವುದು ತಡವಾಯಿತು. ಇದೆಲ್ಲ ತನಿಖೆಯ ದಾಖಲೆಗಳಲ್ಲಿದೆ. ಆ ದಾಖಲೆಯನ್ನು ಉಲ್ಲೇಖಿಸಿ ನಿಮ್ಮ ವಾಕ್ಯವನ್ನು ಮತ್ತೆ ಸೇರಿಸಿ, ಯಾರೂ ತೆಗೆಯಲಾರರು. ಬೇಕಾದರೆ ಲೇಖನದ ಜೊತೆಗೇ ಇರುವ ಚರ್ಚಾಪುಟದಲ್ಲಿ ನನ್ನನ್ನು ಕರೆಯಿರಿ.

ನಿಮ್ಮಂಥವರಿಂದ ಇನ್ನೂ ದೊಡ್ಡ ಕೆಲಸ ಆಗಬೇಕಿದೆ. ಪುಸ್ತಕ ಓದಿದ ನಮಗೆ ಯಾವ ಮೂಲ ಹುಡುಕಬೇಕು ಎಂಬುದೇ ತಿಳಿಯುವುದಿಲ್ಲ, ಏಕೆಂದರೆ ಏನು ಕೇಳಬೇಕೆಂದು ಗೊತ್ತಿಲ್ಲ. ಮೊದಲ ವಿಮಾನಗಳ ಜೆಟಿ9ಡಿ ಎಂಜಿನ್‌ಗಳ ಹೊರಕವಚ ಒತ್ತಡದಲ್ಲಿ ವೃತ್ತದ ಆಕಾರ ಕಳೆದುಕೊಂಡು, ಒಳಗಿನ ಬ್ಲೇಡುಗಳು ಉಜ್ಜುತ್ತಿದ್ದವು. ಎಂಜಿನ್ ಸಿಗದೆ ಬೋಯಿಂಗ್‌ನ ಎವರೆಟ್ ಕಾರ್ಖಾನೆಯ ಹೊರಗೆ ಹೊಸ ವಿಮಾನಗಳು ಎಂಜಿನ್ನಿನ ತೂಕಕ್ಕೆ ಬದಲಾಗಿ ರೆಕ್ಕೆಗೆ ಕಾಂಕ್ರೀಟ್ ತುಂಡುಗಳನ್ನು ನೇತುಹಾಕಿಕೊಂಡು ನಿಂತಿದ್ದವು. ಇದು ಆ ಕಾಲದ ಪತ್ರಿಕೆಗಳಲ್ಲಿ ಬಂದಿದೆ. ಕನ್ನಡದ ಪುಟಕ್ಕೆ ಇದನ್ನು ತರಬೇಕಾದರೆ ಕವಚ ಹೇಗೆ ಬಾಗುತ್ತದೆ, ಬಾಗದಂತೆ ತಡೆಯಲು ಎಂಜಿನ್ನನ್ನು ಹಿಡಿದ ಚೌಕಟ್ಟನ್ನು ಹೇಗೆ ಬದಲಿಸಿದರು ಎಂದು ತಿಳಿದವರೊಬ್ಬರು ಚರ್ಚಾಪುಟದಲ್ಲಿ ವಿವರಿಸಬೇಕು. ಚರ್ಚಾಪುಟದಲ್ಲಿ ನಿಮ್ಮ ಅನುಭವವನ್ನು ಧಾರಾಳವಾಗಿ ಹೇಳಬಹುದು, ಅಲ್ಲಿ ಆಧಾರ ಕೇಳುವುದಿಲ್ಲ. ಹ್ಯಾಂಗರಿನ ರಾತ್ರಿ ಪಾಳಿಯ ನೆನಪುಗಳನ್ನು ಬೇರೆಯಾಗಿ ಬರೆದು ಪತ್ರಿಕೆಗೋ ಪ್ರಕಾಶಕರಿಗೋ ಕೊಡಿ. ಅಚ್ಚಾದ ಮೇಲೆ ಅದನ್ನು ಉಲ್ಲೇಖಿಸುವವರು ಬಂದೇ ಬರುತ್ತಾರೆ. ಕನ್ನಡದಲ್ಲಿ ವಿಮಾನ ದುರಸ್ತಿಯ ಬಗ್ಗೆ ಒಳಗಿನವರು ಬರೆದದ್ದು ಎಷ್ಟು ಕಡಿಮೆ ಇದೆ, ನೋಡಿ. ಸಂಸ್ಥೆಯ ಒಳಗಿನ ಗೋಪ್ಯ ಕಾಗದಗಳನ್ನು ಮಾತ್ರ ಹೊರಗೆ ಹಾಕಬೇಡಿ.

• ಫ್ರಾಂಕ್‌ಫರ್ಟಿನಲ್ಲಿದ್ದೇನೆ. ಬೆಂಗಳೂರಿಗೆ ಬರುವಾಗ 747-8ರಲ್ಲಿ ಬಂದೆ, ಹತ್ತುವ ಮುನ್ನ ಫೋಟೊ ತೆಗೆದಿದ್ದೇನೆ. ಲೇಖನಕ್ಕೆ ಹಾಕಬಹುದೇ? ವಿಮಾನಯಾನ ಸಂಸ್ಥೆಯ ಜಾಲತಾಣದಲ್ಲಿ ಇನ್ನೂ ಚೆನ್ನಾದ ಚಿತ್ರಗಳಿವೆ.
— ಓದುಗರು, ಜರ್ಮನಿ

ನಿಮ್ಮದನ್ನೇ ಹಾಕಿ. ನೀವು ತೆಗೆದ ಚಿತ್ರದ ಹಕ್ಕು ನಿಮ್ಮದು. ವಿಕಿಪೀಡಿಯಗಳ ಚಿತ್ರ ಸಂಗ್ರಹವಾದ ವಿಕಿಮೀಡಿಯ ಕಾಮನ್ಸ್‌ನಲ್ಲಿ ಮುಕ್ತ ಪರವಾನಗಿಯಡಿ ಏರಿಸಿದರೆ ಎಲ್ಲ ಭಾಷೆಯವರಿಗೂ ಸಿಗುತ್ತದೆ. ಹೆಸರು ಹೇಳಿ ಯಾರು ಬೇಕಾದರೂ, ವ್ಯಾಪಾರಕ್ಕೂ ಬಳಸಬಹುದು ಎಂದು ಒಪ್ಪಬೇಕಾಗುತ್ತದೆ, ಅದನ್ನು ಓದಿಕೊಂಡು ಒಪ್ಪಿ. ಸಂಸ್ಥೆಯ ಚಿತ್ರಗಳು ಎಷ್ಟೇ ಚೆನ್ನಾಗಿದ್ದರೂ ಅವುಗಳ ಹಕ್ಕು ನಮ್ಮದಲ್ಲ, ನಮಗೆ ಬೇಡ. ವಿಮಾನದ ಬಾಲದ ಬಳಿಯ ನೋಂದಣಿ ಅಕ್ಷರಗಳು, ದಿನಾಂಕ, ನಿಲ್ದಾಣದ ಹೆಸರು ವಿವರಣೆಯಲ್ಲಿರಲಿ. ಬಾಹ್ಯಾಕಾಶ ನೌಕೆಯನ್ನು ಬೆನ್ನ ಮೇಲೆ ಹೊತ್ತ 747ರ ಚಿತ್ರ ಬೇಕಿದ್ದರೆ ನಾಸಾದ ಸಂಗ್ರಹದಲ್ಲಿ ಹುಡುಕಿ, ಅವು ಸಾಮಾನ್ಯವಾಗಿ ಹಕ್ಕುಸ್ವಾಮ್ಯದಿಂದ ಮುಕ್ತವಾಗಿರುತ್ತವೆ.

• ಲೇಖನದಲ್ಲಿ ಅಪಘಾತಗಳ ಭಾಗ ಬಹಳ ಚಿಕ್ಕದಾಗಿದೆ. ನಮ್ಮ ಮಂಗಳೂರಿನ ದುರಂತವನ್ನೂ ಸೇರಿಸಿ ವಿವರವಾಗಿ ಬರೆಯಬೇಕೆಂದಿದ್ದೇನೆ. ಹೇಗೆ ಬರೆಯಲಿ?
— ಓದುಗರು, ಸುರತ್ಕಲ್

2010ರ ಮೇ 22ರ ಮಂಗಳೂರಿನ ದುರಂತ ನಮ್ಮೆಲ್ಲರ ಎದೆಯಲ್ಲಿದೆ. 158 ಜನ ತೀರಿಕೊಂಡರು, ಎಂಟು ಜನ ಉಳಿದರು. ಆದರೆ ಆ ವಿಮಾನ ಬೋಯಿಂಗ್ 737-800, ಸೀಟುಗಳ ನಡುವೆ ಒಂದೇ ಓಡಾಟದ ದಾರಿ ಇರುವಂಥದ್ದು. 747 ಎರಡು ದಾರಿಗಳ ಅಗಲ ಒಡಲಿನ ವಿಮಾನ. ಆ ದುರಂತಕ್ಕೆ ಅದರದೇ ಲೇಖನವಿರಬೇಕು, ಇಲ್ಲಿ ಜಾಗವಿಲ್ಲ.

747ರ ಪುಟದಲ್ಲಿ ಬರೆಯಬೇಕಾದವನ್ನು ಬರೆಯುವಾಗ ಒಂದು ಪ್ರಶ್ನೆ ಕೈಬಿಡಬೇಡಿ: ಕಾರಣ ವಿಮಾನದಲ್ಲಿತ್ತೇ, ಹೊರಗಿತ್ತೇ? 1977ರ ಮಾರ್ಚ್ 27ರಂದು ಟೆನೆರಿಫೆ ದ್ವೀಪದಲ್ಲಿ ಮಂಜು ಮುಸುಕಿದ ರನ್‌ವೇಯ ಮೇಲೆ ಎರಡು 747ಗಳು ಡಿಕ್ಕಿ ಹೊಡೆದು 583 ಜನ ಸತ್ತರು. ಅನುಮತಿ ಸಿಗುವ ಮೊದಲೇ ಒಂದು ವಿಮಾನ ಮೇಲೇರಲು ಓಡಿತ್ತು. 1985ರ ಆಗಸ್ಟ್ 12ರಂದು ಜಪಾನಿನಲ್ಲಿ ಬಿದ್ದ ವಿಮಾನದಲ್ಲಿ 520 ಜನ ಸತ್ತದ್ದಕ್ಕೆ ಮೂಲ, ವರ್ಷಗಳ ಹಿಂದೆ ಅದರ ಹಿಂಭಾಗದ ಒತ್ತಡ ತಡೆಯುವ ಗೋಡೆಗೆ ಮಾಡಿದ್ದ ತಪ್ಪು ದುರಸ್ತಿ. ‘ಕನಿಷ್ಕ’ದ 329 ಜನರನ್ನು ಕೊಂದದ್ದು ಪ್ರಯಾಣಿಕರ ಸಾಮಾನಿನ ಜೊತೆ ಇಟ್ಟ ಬಾಂಬ್. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಆಕಾಶದಲ್ಲಿ ಸೌದಿಯ 747ಕ್ಕೆ ಕಝಾಕಿಸ್ತಾನದ ವಿಮಾನ ಡಿಕ್ಕಿ ಹೊಡೆದು 349 ಜನ ಸತ್ತರು. ಇವನ್ನೆಲ್ಲ ‘747ರ ಅಪಘಾತಗಳು’ ಎಂದು ಒಂದೇ ಸಾಲಿನಲ್ಲಿ ಪೇರಿಸಿದರೆ ಓದುಗರಿಗೆ ವಿಮಾನವೇ ಅಪರಾಧಿ ಎನಿಸುತ್ತದೆ. ಪ್ರತಿಯೊಂದರ ಎದುರು ಅಧಿಕೃತ ತನಿಖೆ ಕಂಡ ಕಾರಣವನ್ನು ಒಂದು ವಾಕ್ಯದಲ್ಲಿ ಬರೆದು, ವಿವರಕ್ಕೆ ಆಯಾ ದುರಂತದ ಲೇಖನಕ್ಕೆ ಕೊಂಡಿ ಕೊಡಿ.

1978ರ ಜನವರಿ 1ರಂದು ಮುಂಬೈಯಿಂದ ದುಬೈಗೆ ಹೊರಟು ಬಾಂದ್ರಾ ಬಳಿ ಕಡಲಿಗೆ ಬಿದ್ದ ‘ಸಾಮ್ರಾಟ್ ಅಶೋಕ’ವನ್ನು ಬಿಡಬೇಡಿ. ಏರ್ ಇಂಡಿಯಾಕ್ಕೆ ಬಂದ ಮೊದಲ 747 ಅದೇ. ವಿಮಾನ ಎತ್ತ ವಾಲಿದೆ ಎಂದು ತೋರಿಸುವ ಉಪಕರಣ ಕೆಟ್ಟು, ಕತ್ತಲ ಕಡಲ ಮೇಲೆ ಕ್ಯಾಪ್ಟನ್‌ಗೆ ದಿಕ್ಕು ತಪ್ಪಿತು. 213 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ‘ಭೀಕರ’, ‘ಎದೆ ನಡುಗಿಸುವ’ ಎಂಬ ವಿಶೇಷಣಗಳನ್ನು ಹಾಕಬೇಡಿ, ಸಂಖ್ಯೆಯೂ ಕಾರಣವೂ ಸಾಕು. ಮೃತರ ಹೆಸರುಗಳ ಪಟ್ಟಿಯೂ ಬೇಡ. ಅವರ ಮನೆಯವರು ಇಂದಿಗೂ ನಮ್ಮ ನಡುವೆ ಇದ್ದಾರೆ.

• ಏರ್ ಇಂಡಿಯಾದ ಒಂದು ಜಂಬೋ ವಿಮಾನಕ್ಕೆ ಕೃಷ್ಣದೇವರಾಯನ ಹೆಸರಿತ್ತು ಎಂದು ಕೇಳಿದ್ದೇನೆ. ನಾನು ಹಂಪಿಯ ಪಕ್ಕದವನು. ಇದನ್ನು 747ರ ಲೇಖನದ ಮೊದಲ ಪರಿಚ್ಛೇದದಲ್ಲೇ ಹಾಕಿದೆ. ತೆಗೆದಿದ್ದಾರೆ. ಕನ್ನಡದ ವಿಶ್ವಕೋಶದಲ್ಲಿ ಕನ್ನಡದ ಹೆಮ್ಮೆಗೆ ಜಾಗವಿಲ್ಲವೇ?
— ಶಿಕ್ಷಕರು, ಹೊಸಪೇಟೆ

ಜಾಗವಿದೆ ಮೇಷ್ಟ್ರೇ, ಅದು ಬೇರೆ ಪುಟದಲ್ಲಿದೆ. ಏರ್ ಇಂಡಿಯಾ ತನ್ನ 747-200ಗಳಿಗೆ ಸಾಮ್ರಾಟರ ಹೆಸರಿಟ್ಟಿತ್ತು: ಅಶೋಕ, ರಾಜೇಂದ್ರ ಚೋಳ, ಅಕ್ಬರ್, ಕನಿಷ್ಕ, ಕೃಷ್ಣದೇವರಾಯ ಹೀಗೆ. ಕಿಟಕಿಗಳ ಸುತ್ತ ಹೊರಗಿನಿಂದ ಅರಮನೆಯ ಕಮಾನುಗಳನ್ನು ಬಿಡಿಸಿದ್ದರು. ಇದು ಆ ಸಂಸ್ಥೆಯ ಇತಿಹಾಸದ ಸೊಗಸಾದ ಅಧ್ಯಾಯ. ‘ಏರ್ ಇಂಡಿಯಾ’ ಲೇಖನದಲ್ಲಿ ಇದಕ್ಕೊಂದು ಇಡೀ ಉಪಶೀರ್ಷಿಕೆ ಕೊಟ್ಟು ಬರೆಯಿರಿ. 747ರ ಮೊದಲ ಪರಿಚ್ಛೇದದಲ್ಲಿ ಮಾತ್ರ, ಆ ವಿಮಾನವನ್ನೇ ಕೇಳರಿಯದ ಒಬ್ಬರು ತಿಳಿಯಬೇಕಾದದ್ದಷ್ಟೇ ಇರಬೇಕು: ಯಾರು ಕಟ್ಟಿದರು, 1969ರ ಫೆಬ್ರವರಿ 9ರಂದು ಮೊದಲು ಹಾರಿದ್ದು, ಎಷ್ಟು ಕಟ್ಟಿದರು, ಏನನ್ನು ಬದಲಿಸಿತು. ಜಗತ್ತಿನ ಎಷ್ಟೋ ಸಂಸ್ಥೆಗಳು ತಮ್ಮ ವಿಮಾನಗಳಿಗೆ ತಮ್ಮ ರಾಜರ, ಊರುಗಳ ಹೆಸರಿಟ್ಟಿವೆ. ಎಲ್ಲರೂ ತಮ್ಮದನ್ನು ಮೊದಲಿಗೆ ತಂದರೆ ಆ ವಿಮಾನ ಏನೆಂದು ತಿಳಿಯುವ ಮೊದಲೇ ಓದುಗ ಪುಟ ಮುಚ್ಚುತ್ತಾನೆ.

ಹೆಸರಿನ ಜೊತೆ ವಿಮಾನದ ನೋಂದಣಿ ಸಂಖ್ಯೆ, ಸೇವೆಗೆ ಬಂದ ವರ್ಷ ಇವೂ ಬೇಕು. ಮೈಸೂರಿನ ಹಿರಿಯರ ಬಳಿ ಆ ವಿಮಾನದ ಫೋಟೊ ಇದ್ದರೂ ಇರಬಹುದು, ಚರ್ಚಾಪುಟದಲ್ಲಿ ಕೇಳಿ ನೋಡಿ. ನೀವು ಬರೆದ ಸಾಲು ಅಳಿಸಿಹೋಗಿಲ್ಲ. ‘ಇತಿಹಾಸ’ದಲ್ಲಿ ನಿಮ್ಮ ಹೆಸರಿನ ಎದುರಿನ ಆವೃತ್ತಿಯನ್ನು ತೆರೆದು ಅಲ್ಲಿಂದ ನಕಲಿಸಿಕೊಂಡು ‘ಏರ್ ಇಂಡಿಯಾ’ ಪುಟಕ್ಕೆ ಒಯ್ಯಿರಿ.